ನೇರಳೆ ಮುಚ್ಚಳ

ಸೊಸೆ ರಕ್ತ ತೆಗೆಯುವುದನ್ನು ಕಲಿಯಲು ಹೋಗುತ್ತಾಳೆಂದು ಗೊತ್ತಾದ ದಿನ ಅತ್ತೆ ಹೇಳಿದ್ದು ಒಂದೇ ಮಾತು: "ಸೂಜಿಗೆ ದಾರ ಪೋಣಿಸೋಕೆ ನನ್ನನ್ನ ಕರೀತಾಳೆ, ಇವಳು ಊರಿನವರ ನರ ಹುಡುಕ್ತಾಳಂತೆ!" ಮಾತು ಒಂದೇ ಆದರೂ ಮನೆಗೆ ಬಂದುಹೋದ ನೆಂಟರಿಗೆಲ್ಲ ತಲುಪಿತ್ತು.

ಸೊಸೆ ಅದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಳು. ಪಾಠ ಮುಗಿಸಿ, ಚುಚ್ಚಿ ಚುಚ್ಚಿ ತರಗತಿಯ ರಬ್ಬರ್ ಕೈಯನ್ನು ಜರಡಿ ಮಾಡಿ, ನಿಜವಾದ ರೋಗಿಗಳ ಕೈ ಹಿಡಿಯಲು ಆಸ್ಪತ್ರೆಯ ಲ್ಯಾಬಿಗೆ ತರಬೇತಿಗೆ ಬಂದಳು. ಇವತ್ತು ಅದರ ಕೊನೆಯ ದಿನ. ಹಿರಿಯ ಟೆಕ್ನಿಷಿಯನ್ ಸಹಿ ಹಾಕಿದರೆ ಸೋಮವಾರದಿಂದ ಇಲ್ಲೇ ಕೆಲಸ. ಆ ಹಿರಿಯಾಕೆಯ ಕಣ್ಣಿಗೆ ಬೀಳದ ತಪ್ಪಿಲ್ಲ. ಕಲಿಯುವವರು ಬೆನ್ನ ಹಿಂದೆ ಹದ್ದು ಮೇಡಂ ಎನ್ನುತ್ತಿದ್ದರು.

ಬೆಳಿಗ್ಗೆ ಕುರ್ಚಿಯಲ್ಲಿ ಬಂದು ಕೂತವರು ಸಾಕ್ಷಾತ್ ಅತ್ತೆ. ಬಿ.ಪಿ. ಮಾತ್ರೆ ಬದಲಿಸುವ ಮುಂಚೆ ಡಾಕ್ಟರು ರಕ್ತ ಪರೀಕ್ಷೆ ಬರೆದಿದ್ದರು.

"ಮನೆಯವರದ್ದು ಬೇರೆಯವರು ತೆಗೀಲಿ" ಎಂದರು ಹದ್ದು ಮೇಡಂ.

"ಬೇಡಮ್ಮ, ಇವಳೇ ತೆಗೀಲಿ. ಏನು ಕಲಿತಿದ್ದಾಳೆ ನಾನೂ ನೋಡ್ಬೇಕು."

ಮೇಡಂ ಭುಜ ಕುಣಿಸಿ ಒಳಗಿನ ಯಂತ್ರದ ಕಡೆ ಹೋದರು.

ನರವೇನೋ ಸಿಕ್ಕಿತು. ಆದರೆ ಕೆಂಪು ಮುಚ್ಚಳದ ಕೊಳವೆ ಮೊದಲು, ನೇರಳೆ ಆಮೇಲೆ ಎಂಬ ಪಾಠ ಗಾಬರಿಯಲ್ಲಿ ತಲೆಕೆಳಗಾಯಿತು. ನೇರಳೆಯದು ತುಂಬಿತು; ಕೆಂಪಿಗೆ ನಾಲ್ಕು ಹನಿ ಬಿದ್ದು ರಕ್ತ ನಿಂತೇಹೋಯಿತು. ಸೊಸೆ ಅತ್ತೆಯ ಮುಖ ನೋಡಿದಳು. ಹುಬ್ಬು ಆಗಲೇ ಮೇಲೇರಿತ್ತು. ಇನ್ನೊಮ್ಮೆ ಚುಚ್ಚಿದರೆ ಆ ಕಥೆ ಜನ್ಮವಿಡೀ ನೆಂಟರ ಬಾಯಲ್ಲಿ! ಸೂಜಿ ತೆಗೆದು, ಹತ್ತಿ ಒತ್ತಿ, ಬೆನ್ನು ತಿರುಗಿಸಿ, ನೇರಳೆಯದರಿಂದ ಒಂದಿಷ್ಟನ್ನು ಕೆಂಪಿಗೆ ಸುರಿದಳು. ಅದೂ ಅತ್ತೆಯ ರಕ್ತವೇ, ಇದೂ ಅತ್ತೆಯ ರಕ್ತವೇ. ಯಾರಪ್ಪನ ಗಂಟೇನು ಹೋಗುತ್ತದೆ?

"ಅಷ್ಟೇನಾ?" ಎಂದರು ಅತ್ತೆ, ತುಸು ನಿರಾಶೆಯಿಂದ.

ಊಟದ ಹೊತ್ತಿಗೆ ಯಂತ್ರ ಫಲಿತಾಂಶ ಕೊಟ್ಟಿತು. ಪೊಟ್ಯಾಸಿಯಂ ಎಷ್ಟಿತ್ತೆಂದರೆ, ಅಂಥವರ ಹೃದಯ ಯಾವ ಗಳಿಗೆಯಲ್ಲಾದರೂ ನಿಲ್ಲಬಹುದು. ನಿಯಮದಂತೆ ಹದ್ದು ಮೇಡಂ ತಕ್ಷಣ ಡಾಕ್ಟರಿಗೆ ಫೋನ್ ಮಾಡಿದರು. ಗಾಲಿಕುರ್ಚಿ ಬಂತು, ನರ್ಸ್ ಇಂಜೆಕ್ಷನ್ ಹಿಡಿದು ಬಂದಳು. ವರದಿಗೆ ಕಾಯುತ್ತಿದ್ದ ಅತ್ತೆ ಹೊರಗಿನ ಬೆಂಚಿನ ಮೇಲೆ ಗುಂಡುಕಲ್ಲಿನ ಹಾಗೆ ಕೂತು ಪಕ್ಕದವಳಿಗೆ ಹೇಳುತ್ತಿದ್ದರು: "ನೋವೇ ಆಗ್ಲಿಲ್ಲ ನೋಡಿ. ನನ್ನ ಸೊಸೇನೇ ತೆಗೆದಿದ್ದು."

ಮದುವೆಯಾದಾಗಿನಿಂದ ಅವರ ಬಾಯಿಂದ ಬಂದ ಮೊದಲ ಹೊಗಳಿಕೆ ಅದು.

ಗಾಲಿಕುರ್ಚಿ ಕಂಡು ಅತ್ತೆಯ ಮುಖ ಬಿಳಿಚಿತು. "ನಂಗೇನಾಗಿದೆ?" ಎಂದು ಸೊಸೆಯ ಕೈ ಹಿಡಿದುಕೊಂಡರು. ಆಗ ಸೊಸೆಗೆ ಮರೆತ ಪಾಠ ನೆನಪಾಯಿತು. ನೇರಳೆ ಮುಚ್ಚಳದ ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಎಂದು ಒಂದು ಲವಣ ಹಾಕಿರುತ್ತಾರೆ, ಅದರಲ್ಲಿರುವುದೇ ಪೊಟ್ಯಾಸಿಯಂ. ಹೆಚ್ಚಾಗಿರುವುದು ಅತ್ತೆಯ ಮೈಯಲ್ಲಲ್ಲ, ಕೊಳವೆಯಲ್ಲಿ. ಬಾಯಿ ಮುಚ್ಚಿಕೊಂಡರೆ ಸಹಿ ಸಿಗುತ್ತದೆ. ಆದರೆ ಇಲ್ಲದ ಪೊಟ್ಯಾಸಿಯಂ ಇಳಿಸಲು ಇಂಜೆಕ್ಷನ್ ಕೊಟ್ಟು ಗಟ್ಟಿಯಾಗಿರುವ ಹೃದಯ ನಿಂತರೆ?

"ಇಂಜೆಕ್ಷನ್ ಕೊಡ್ಬೇಡಿ ಸಿಸ್ಟರ್. ಮೇಡಂ, ಅದು ನನ್ನ ತಪ್ಪು. ನೇರಳೆಯದರಿಂದ ಕೆಂಪಿಗೆ ಸುರಿದೆ."

ಹದ್ದು ಮೇಡಂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಸಹಿ ಇಲ್ಲ. ಇನ್ನೊಂದು ತಿಂಗಳು ತರಬೇತಿ" ಎಂದು ಡಾಕ್ಟರಿಗೆ ಫೋನ್ ತಿರುಗಿಸಿದರು. "ಹೊಸದಾಗಿ ರಕ್ತ ಬೇಕು. ಬೇರೆಯವರು ತೆಗೀತಾರೆ."

ಅತ್ತೆ ಸೊಸೆಯನ್ನೇ ನೋಡುತ್ತಿದ್ದರು. "ಇನ್ನೊಂದ್ಸಲ ಚುಚ್ಚೋಕೆ ನನಗೆ ಹೆದರಿದ್ಯಾ?"

"ಹೂಂ, ಅತ್ತೆ."

ಅತ್ತೆ ಎದ್ದು ತಾವಾಗಿಯೇ ಒಳಗೆ ಹೋಗಿ ಕುರ್ಚಿಯಲ್ಲಿ ಕೂತು, ಇನ್ನೊಂದು ಕೈ ಚಾಚಿದರು.

"ಇವಳೇ ತೆಗೀಲಿ" ಎಂದರು.

ಹದ್ದು ಮೇಡಂ ಈ ಸಲ ಪಕ್ಕದಲ್ಲೇ ನಿಂತರು. ಸೊಸೆ ಕೆಂಪು ಮುಚ್ಚಳದ ಕೊಳವೆಯನ್ನು ಮೊದಲು ಎತ್ತಿಕೊಂಡಳು.

"ಎಷ್ಟು ಸಲ ಬೇಕಾದ್ರೂ ಚುಚ್ಚು. ಆದ್ರೆ ನನ್ನ ಮುಖ ನೋಡ್ಬೇಡ, ಕೈ ನೋಡು" ಎಂದು ಹೇಳಿ ಅತ್ತೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು.