ಜೋಡಿಗೊಂಬೆಯ ಕಣ್ಣು

ಕೆನ್ನೆಯ ಮೇಲೆ ಕಪ್ಪು ನೀರು ಇಳಿಸಿಕೊಂಡು ನಿಂತ ಮರದ ರಾಜನನ್ನು ನಾನು ಇವತ್ತಿಗೂ ಮರೆತಿಲ್ಲ. ಮರೆತಿದ್ದರೆ ನೆಮ್ಮದಿಯಾಗಿರುತ್ತಿದ್ದೆ.

ನಮ್ಮದು ಗೊಂಬೆ ಕೆತ್ತುವ ಮನೆತನ. ನಮ್ಮೂರಿನಲ್ಲಿ ಮದುಮಗಳು ಗಂಡನ ಮನೆಗೆ ರಾಜ ರಾಣಿಯರ ಜೋಡಿಗೊಂಬೆ ಒಯ್ಯಬೇಕು. ಅದು ಆಟದ ಸಾಮಾನಲ್ಲ. ಕಣ್ಣು ಬರೆದ ಗಳಿಗೆಯಿಂದ ಮನೆಯ ಹಿರಿಯರು ಅದರೊಳಗೆ ಬಂದು ನೆಲೆಸುತ್ತಾರೆಂದು ನಂಬಿಕೆ. ತಾಳಿ ಕಟ್ಟುವ ಮುಂಚೆ ಗೊಂಬೆಗಳ ಮೇಲೆ ನೀರು ಚಿಮುಕಿಸಿ ಆ ಹಿರಿಯರ ಒಪ್ಪಿಗೆ ಬೇಡುತ್ತಾರೆ.

ಅಪ್ಪನ ಕೈ ನಡುಗತೊಡಗಿ ನಾಲ್ಕು ವರ್ಷವಾಗಿತ್ತು. ಗೊಂಬೆಗಳಿಗೆಲ್ಲ ಕಣ್ಣು ಬರೆಯುತ್ತಿದ್ದವಳು ನನ್ನಕ್ಕ ಹಂಪವ್ವ. ಹೆಸರು ಮಾತ್ರ ಅಪ್ಪನದು. ಅವಳಿಗೆ ಗಂಡು ಗೊತ್ತಾದಾಗ, ಇನ್ನು ಕಣ್ಣು ಬರೆಯುವವರು ಯಾರೆಂದು ಅಪ್ಪ ಮೂರು ದಿನ ಗೊಣಗಿದ. ಮದುಮಗಳು ತನ್ನ ಗೊಂಬೆಗೆ ತಾನೇ ಕಣ್ಣು ಬರೆಯುವಂತಿಲ್ಲ. ನನಗೆ ಆ ಕೆಲಸ ಬಾರದು. ಹಾಗಾಗಿ ಆ ಜೋಡಿಗೆ ನಡುಗುವ ಕೈಯಲ್ಲೇ ಅಪ್ಪ ಕುಂಚ ಹಿಡಿದ.

ಮದುವೆಯ ಬೆಳಿಗ್ಗೆ ರಾಜನ ಕಣ್ಣಿಗೆಂದು ಅವನು ಕಾಡಿಗೆಯನ್ನು ಬರೀ ನೀರಿನಲ್ಲಿ ಕಲಸುವುದನ್ನು ಕಂಡೆ.

"ಅಪ್ಪಾ, ಅಂಟು ಹಾಕಲಿಲ್ಲಲ್ಲ? ನೀರು ಬಿದ್ರ ಕಣ್ಣು ಕರಗತಾವ."

"ಆಕಿ ಹೋದ್ರ ನನ್ನ ಚಾಕರಿಗೆ ಉಳಿಯಾಕಿ ನೀನ. ಬಾಯಿ ಮುಚ್ಕೊಂಡಿರು."

ಮುಚ್ಚಿಕೊಂಡೆ. ಅಕ್ಕ ಹೋದರೆ ಅವನ ಬೈಗುಳ, ಹೊಡೆತ ಎಲ್ಲ ನನ್ನೊಬ್ಬಳ ಪಾಲಿಗೇ ಬರುತ್ತಿತ್ತು. ಪಕ್ಕದ ಕೋಣೆಯಲ್ಲಿ ಅಕ್ಕ ಬಳೆ ತೊಡುತ್ತ ನಗುತ್ತಿದ್ದಳು.

ಚಪ್ಪರದಡಿ ನೀರು ಬಿದ್ದದ್ದೇ ತಡ, ರಾಜನ ಕಣ್ಣೆರಡೂ ಕರಗಿ ಕೆನ್ನೆಗಿಳಿದವು. ಗಂಡಿನ ಸೋದರತ್ತೆ ಎದ್ದು ನಿಂತಳು.

"ಹಿರಿಯರು ಒಲ್ಲೆ ಅಂದಾರ. ಈಕಿನ್ನ ತಂದ್ರ ನಮ್ಮ ಹುಡುಗ ಉಳಿಯೂದಿಲ್ಲ. ಏಳೋ ಮ್ಯಾಲೆ."

ವರ ಎದ್ದ. ಅಕ್ಕನತ್ತ ತಿರುಗಿಯೂ ನೋಡಲಿಲ್ಲ, ಹೇಡಿ. ಅಪ್ಪ ತಲೆ ಚಚ್ಚಿಕೊಂಡು ಎಲ್ಲರಿಗಿಂತ ಹೆಚ್ಚು ಅತ್ತ.

ಮರುದಿನ ಅಕ್ಕನ ಮುಂದೆ ಹನ್ನೆರಡು ಗೊಂಬೆ ತಂದಿಟ್ಟ. ಮೈಯ ಅರಿಸಿನವೂ ಹೋಗಿರಲಿಲ್ಲ, ಅವಳು ಬರೆಯಲು ಕುಳಿತಳು. ನಿಜ ಹೇಳುತ್ತೇನೆ, ನನಗೆ ಹಾಯೆನಿಸಿತು. ಮತ್ತೆ ಯಾವ ಮನೆಯವರೂ ಅವಳನ್ನು ಕೇಳಿಕೊಂಡು ಬರಲಿಲ್ಲ.

ಎರಡು ವರ್ಷಕ್ಕೆ ನನ್ನ ಮದುವೆ. ಅಕ್ಕ ಕೈಗೆ ಸಿಕ್ಕಿದ್ದಳಲ್ಲ, ಅಪ್ಪ ನನ್ನನ್ನು ಸಲೀಸಾಗಿ ಕಳಿಸಲು ಒಪ್ಪಿದ. ನನ್ನ ಜೋಡಿಗೆ ಅಕ್ಕನೇ ಕುಂಚ ಹಿಡಿದಳು. ರಾಜನ ಒಂದು ಕಣ್ಣು ಮುಗಿಸಿ ಕೈ ತಡೆದಳು.

"ಅವತ್ತು ಅಪ್ಪ ಅಂಟು ಹಾಕಿಲ್ಲಂತ ನಿನಗ ಗೊತ್ತಿತ್ತೇನ?"

"ಇಲ್ಲಕ್ಕ."

ಅವಳು ನನ್ನ ಮುಖವನ್ನೇ ನೋಡಿದಳು. ನನ್ನ ಕಣ್ಣು ಬಣ್ಣದ ಬಟ್ಟಲ ಮೇಲಿತ್ತು. ಆ ಬಟ್ಟಲನ್ನವಳು ನನ್ನತ್ತ ವಾಲಿಸಿ ತೋರಿಸಿದಳು.

"ನೋಡ, ಅಂಟು ಹಾಕೇನಿ. ಹೆದರಬ್ಯಾಡ."

ಬಟ್ಟಲನ್ನು ಕೆಳಗಿಟ್ಟು, ಎರಡನೆಯ ಕಣ್ಣು ಬರೆಯತೊಡಗಿದಳು.