ಮನೆ ಮಾಲೀಕ ಸುಬ್ಬಯ್ಯ

ಯಸಳೂರಿನಿಂದ ಒಳಕ್ಕೆ ಹೋಗುವ ರಸ್ತೆಯಲ್ಲಿ ಒಂದು ಮೋರಿ ಇದೆ. ಅದರ ಕಟ್ಟೆ ಹತ್ತಿ ನಿಂತರೆ ಮಾತ್ರ ಪ್ರತಾಪನ ಫೋನಿಗೆ ಜೀವ ಬರುತ್ತದೆ. ಕಾಫಿ ಕುಯ್ಲಿನ ಕಾಲದಲ್ಲಿ ನೆಟ್ಟಗೆ ತೋಟಕ್ಕೆ ಹೋಗಬೇಕಾದ ಮನುಷ್ಯ, ಬೆಳಿಗ್ಗೆ ಎದ್ದವನೇ ಅಲ್ಲಿಗೆ ಹೋಗಿ ಹೆಂಡತಿಯ ವೀಸಾ ಖಾತೆ ತೆರೆಯಲು ಹೆಣಗುತ್ತಿದ್ದ. ಮೊದಲು ಪಾಸ್‌ವರ್ಡ್. ಆಮೇಲೆ ಸೊಟ್ಟಸೊಟ್ಟ ಅಕ್ಷರಗಳನ್ನು ನೋಡಿ ಬರೆಯಬೇಕು, ನೀನು ಮನುಷ್ಯನೇ ಎಂಬುದಕ್ಕೆ ಅದೊಂದು ಪರೀಕ್ಷೆಯಂತೆ. ಆಮೇಲೆ ಒಟಿಪಿ. ಅದು ಬೆಟ್ಟ ಹತ್ತಿ ಇಳಿದು ಬರುವಷ್ಟರಲ್ಲಿ ನಿಮ್ಮ ಸಮಯ ಮುಗಿದಿದೆ ಎಂದು ಪುಟವೇ ಮುಚ್ಚಿಕೊಳ್ಳುತ್ತಿತ್ತು. ಹೇಗೋ ಒಳಗೆ ನುಗ್ಗಿದರೂ ಅಲ್ಲಿ ಕಾಣುತ್ತಿದ್ದದ್ದು ಅದೇ ಮಾತು: ಪರಿಶೀಲನೆಯಲ್ಲಿದೆ.

ಮನೆಗೆ ಬಂದರೆ ಕಣದಲ್ಲಿ ಕಾಫಿ ಹರವುತ್ತಿದ್ದ ನಿರೋಷಾ ತಲೆ ಎತ್ತುತ್ತಿದ್ದಳು.

"ಏನಂತೆ?"

"ಅದೇ ಕಣೇ."

ಅಷ್ಟೇ ಮಾತು. ಅವಳು ಮತ್ತೆ ಮರದ ಹಲ್ಲಿನ ಹಲುಬೆ ಹಿಡಿದು ಕಾಫಿ ಎಳೆಯುತ್ತಿದ್ದಳು. ಮೊದಮೊದಲು ಬೈಯುತ್ತಿದ್ದಳು, ಅಳುತ್ತಿದ್ದಳು. ಈಗ ಅದಕ್ಕೂ ತ್ರಾಣವಿರಲಿಲ್ಲ.

ನಿರೋಷಾ ಶ್ರೀಲಂಕಾದ ಮಾತಲೆ ಕಡೆಯವಳು. ಕುವೈತಿನ ಒಂದು ಶಾಲೆಯಲ್ಲಿ ಪ್ರತಾಪ ವ್ಯಾನು ಓಡಿಸುತ್ತಿದ್ದಾಗ ಇವಳು ಅದೇ ವ್ಯಾನಿನ ಮಕ್ಕಳನ್ನು ಇಳಿಸಿಕೊಳ್ಳುವ ಆಯಾ ಆಗಿದ್ದಳು. ಮದುವೆಯಾಗಿ ಊರಿಗೆ ಬಂದಾಗ ಪ್ರತಾಪನ ತಾಯಿ ಬೆಟ್ಟಮ್ಮ ಮುಖ ಊದಿಸಿಕೊಂಡದ್ದು ನಿಜ. ಆದರೆ ಈ ಹುಡುಗಿ ಕಾಳುಮೆಣಸಿನ ಬಳ್ಳಿ ನೋಡಿದವಳೇ, ನಮ್ಮನೆಯಲ್ಲೂ ಹೀಗೇ ಎಂದು ಏಣಿ ಹತ್ತಿಬಿಟ್ಟಳು. ಏಣಿ ಹತ್ತಿದ ಸೊಸೆಯ ಮೇಲೆ ಎಷ್ಟು ದಿನ ಸಿಟ್ಟು ಮಾಡಲಾದೀತು? ಕನ್ನಡವನ್ನು ಬೆಟ್ಟಮ್ಮನ ಬಾಯಿಂದಲೇ ಕಲಿತಳು, ಬೈಗುಳ ಸಮೇತ. ಈಗ ಮಗಳು ಮಾನಸ ಅಂಗನವಾಡಿಗೆ ಹೋಗುತ್ತಾಳೆ.

ವರ್ಷ ವರ್ಷವೂ ನಿರೋಷಾಳ ವೀಸಾ ಮುಂದುವರಿಸಿಕೊಳ್ಳಬೇಕು. ಸಕಲೇಶಪುರದಲ್ಲಿ ಬಾಡಿಗೆಗಿದ್ದು ಊರಿಗೆ ಹೋಗಿಬರುತ್ತಿದ್ದಷ್ಟು ವರ್ಷ ಅದೇನೂ ಕಷ್ಟವಿರಲಿಲ್ಲ, ಮನೆಯ ಮಾಲೀಕರು ಒಂದು ಪತ್ರ ಕೊಡುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ಪ್ರತಾಪ ತೋಟ ನೋಡಲು ಊರಿಗೆ ಬಂದ, ವಿಳಾಸ ಬದಲಾಯಿತು, ತಾಪತ್ರಯವೂ ಶುರುವಾಯಿತು. ಈ ಸಲವಂತೂ ತಡೆಯುವಂತಿರಲಿಲ್ಲ. ಮಾತಲೆಯಲ್ಲಿ ಅವಳ ತಾಯಿಗೆ ಲಕ್ವ ಹೊಡೆದಿತ್ತು. ವೀಸಾ ಕೈಗೆ ಬಂದರೆ ಹೋಗಿ, ತಾಯಿಯ ಹತ್ತಿರ ನಾಲ್ಕು ದಿನ ಕೂತು ಬರಬಹುದು. ಅದಿಲ್ಲದೆ ಹೊರಟರೆ ತಿರುಗಿ ಬರುವ ದಾರಿ ಮುಚ್ಚಿಹೋಗುತ್ತದೆ.

ಅರ್ಜಿ ತುಂಬಿಸಿದ್ದು ಆನೇಮಹಲ್‌ನ ಯೋಗೇಶ್. ಹೆದ್ದಾರಿ ಪಕ್ಕದ ಅವನ ಕಂಪ್ಯೂಟರ್ ಅಂಗಡಿಯಲ್ಲಿ ನೆಟ್ ಚೆನ್ನಾಗಿ ಬರುತ್ತದೆ. ಫೋಟೋದ ಹಿಂದೆ ಬಿಳಿ ಇರಬೇಕೆಂದು ಪ್ರತಾಪನ ಹೊಸ ಪಂಚೆಯನ್ನೇ ಗೋಡೆಗೆ ಹೊಡೆದು ಫೋಟೋ ತೆಗೆದಿದ್ದಾಯಿತು. ಫೈಲು ದೊಡ್ಡದಾಯಿತೆಂದು ಖಾತೆ ಅದನ್ನು ಉಗುಳಿತು, ಚಿಕ್ಕದು ಮಾಡಿದರೆ ಮುಖ ಕಾಣುವುದಿಲ್ಲವೆಂದು ಮತ್ತೆ ಉಗುಳಿತು. ಕೊನೆಗೆ ವಾಸಸ್ಥಳದ ದಾಖಲೆ ಕೇಳಿತು. ಪ್ರತಾಪ ಕರೆಂಟ್ ಬಿಲ್ ಕೊಟ್ಟ.

"ಬಿಲ್ಲು ಸುಬ್ಬಯ್ಯ ಅನ್ನೋರ ಹೆಸ್ರಲ್ಲೈತೆ. ಅವ್ರಿಂದ ಒಂದು ಪತ್ರ ಬೇಕು, ಇವ್ರು ನಮ್ಮನೇಲೇ ಅವ್ರೆ ಅಂತ," ಎಂದ ಯೋಗೇಶ್.

"ಅದ್ಕೇನಂತೆ, ಕೊಡಾನ," ಎಂದು ಪ್ರತಾಪ ಅಲ್ಲೇ ಬಿಳಿ ಹಾಳೆ ಇಸಿದುಕೊಂಡು ಬರೆದು, ಕೆಳಗೆ 'ಸುಬ್ಬಯ್ಯ' ಎಂದು ರುಜು ಹಾಕಿ ಕೊಟ್ಟುಬಿಟ್ಟ.

ಸುಬ್ಬಯ್ಯ ಎಂದರೆ ಪ್ರತಾಪನ ತಾತ. ಪ್ರತಾಪ ಹೈಸ್ಕೂಲಿನಲ್ಲಿದ್ದಾಗಲೇ ಸತ್ತವರು. ಇವನೇನು ಮೋಸ ಮಾಡಬೇಕೆಂದು ರುಜು ಹಾಕಿದವನಲ್ಲ, ಆ ಮನೆಯ ಅಭ್ಯಾಸವೇ ಹಾಗೆ. ಪಹಣಿ ಸುಬ್ಬಯ್ಯನದು, ಕರೆಂಟು ಸುಬ್ಬಯ್ಯನದು, ಸೊಸೈಟಿಯ ಗೊಬ್ಬರ ಬರುವುದೂ ಸುಬ್ಬಯ್ಯನ ಹೆಸರಿಗೆ. ಮಗ ಸುಬ್ಬಯ್ಯನೆಂದು ರುಜು ಹಾಕಿದ, ಅವನ ನಂತರ ಮೊಮ್ಮಕ್ಕಳು ಹಾಕಿದರು. ಪಿತೃಪಕ್ಷದಲ್ಲಿ ಎಡೆ ಇಟ್ಟು ಉಣಿಸುತ್ತಿದ್ದರು, ಮಾರನೆಯ ದಿನ ಅವರ ಹೆಸರಿನಲ್ಲೇ ಗೊಬ್ಬರ ತರುತ್ತಿದ್ದರು. ಇದರಲ್ಲಿ ಯಾರಿಗೂ ಏನೂ ವಿಚಿತ್ರ ಕಂಡಿರಲಿಲ್ಲ.

ಪೊಲೀಸ್ ಠಾಣೆಯ ಸಿದ್ದಯ್ಯ ಅರ್ಜಿಯ ವಿಚಾರಣೆಗೆ ಬಂದ ದಿನ ಪ್ರತಾಪ ತೋಟದಲ್ಲಿದ್ದ. ಬೆಟ್ಟಮ್ಮ ಅಂಗಳದಲ್ಲಿ ಮೆಣಸು ಕೇರುತ್ತಿದ್ದರು.

"ಅಮ್ಮಾ, ಮನೆ ಮಾಲೀಕರು ಸುಬ್ಬಯ್ಯನೋರು ಅವ್ರಾ?"

"ಮಾವ್ನೋರಾ? ನಡುಮನೇಲವ್ರೆ. ಬನ್ನಿ ಒಳಕ್ಕೆ."

ಸಿದ್ದಯ್ಯ ಮರ್ಯಾದಸ್ಥ. ಹಿರಿಯರು ಕೂತಿರುತ್ತಾರೆಂದು ಬೂಟು ಬಿಚ್ಚಿಟ್ಟು, ಟೋಪಿ ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಬಂದ. ನಡುಮನೆಯ ಗೋಡೆಯಲ್ಲಿ ಗಂಧದ ಹಾರ ಹಾಕಿಕೊಂಡು ಸುಬ್ಬಯ್ಯನವರು ಅವನನ್ನೇ ನೋಡುತ್ತಿದ್ದರು. ಅವನು ಫೋಟೋ ನೋಡಿದ, ಕೈಯಲ್ಲಿದ್ದ ಪತ್ರ ನೋಡಿದ, ಮತ್ತೆ ಫೋಟೋ ನೋಡಿದ.

"ಅಮ್ಮಾ, ಇವ್ರು ಹೋದ ತಿಂಗ್ಳು ಸೈನ್ ಹಾಕವ್ರಲ್ಲ!"

ನಿರೋಷಾ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಳು. ಸಿದ್ದಯ್ಯ ಕಾಫಿ ಕುಡಿದ. "ನಂಗೇನೂ ಕೋಪ ಇಲ್ಲ ತಾಯಿ. ಆದ್ರೆ ಸತ್ತೋರು ಬದ್ಕವ್ರೆ ಅಂತ ನಾನು ಬರ್ಯಂಗಿಲ್ಲ," ಎಂದು ಹೇಳಿ, ಬೂಟು ಮೆಟ್ಟಿಕೊಂಡು ಹೋದ. ಅವನದೇನು ತಪ್ಪು.

ಕೆಲವು ದಿನಕ್ಕೆ ಖಾತೆಯಲ್ಲಿ ಮಾತು ಬದಲಾಯಿತು. ಅರ್ಜಿ ಮುಕ್ತಾಯಗೊಳಿಸಲಾಗಿದೆ. ಸರಿಯಾದ ಮಾಲೀಕರ ದಾಖಲೆಯೊಂದಿಗೆ ಹೊಸದಾಗಿ ಅರ್ಜಿ ಹಾಕಿ. ಪ್ರತಾಪ ಮೋರಿಯ ಕಟ್ಟೆಯ ಮೇಲೆ ಕೂತುಬಿಟ್ಟ. ಯಾರನ್ನು ಬೈಯುವುದೆಂದು ಅವನಿಗೆ ತಿಳಿಯಲಿಲ್ಲ. ಬೈಯಬೇಕಾದದ್ದು ತನ್ನನ್ನೇ, ಅದೂ ಗೊತ್ತಿತ್ತು.

ಸರಿಯಾದ ಮಾಲೀಕರು ಬೇಕೆಂದರೆ ಮೊದಲು ಸುಬ್ಬಯ್ಯನವರು ಸಾಯಬೇಕಿತ್ತು. ಅಂದರೆ ಸರ್ಕಾರದ ಲೆಕ್ಕದಲ್ಲಿ. ಮರಣಪತ್ರ ಮಾಡಿಸಿ ಮನೆ-ತೋಟದ ಖಾತೆ ಬದಲಾಯಿಸಬೇಕು. ಈ ಮಾತೆತ್ತಿದ್ದೇ ತಡ, ಬೆಟ್ಟಮ್ಮ ಮೊರ ನೆಲಕ್ಕೆ ಕುಕ್ಕಿದರು.

"ಮಾವ್ನ ಹೆಸ್ರು ತೆಗೆದ್ರೆ ಯಾರ ಹೆಸ್ರು ಹಾಕೀರೋ? ನಿಂದಾ, ವಸಂತಂದಾ? ಅಣ್ಣತಮ್ಮ ಕೂತ್ಕಂಡು ಗೆರೆ ಎಳೀತೀರಿ, ನಾನು ಯಾವ ಕಡೀಕೆ ಹೋಗ್ಲಿ? ನಾನು ಕಣ್ಮುಚ್ಚೋಗಂಟ ಅದರ ಸುದ್ದಿ ಎತ್‌ಬ್ಯಾಡ."

ಅಂಗಳದ ಆಚೆ ಮನೆಯಲ್ಲಿದ್ದ ಅಣ್ಣ ವಸಂತ ಕೇಳಿಸಿಕೊಂಡರೂ ಹೊರಗೆ ಬರಲಿಲ್ಲ. ಹಿಂದೆ ಇಂಥ ಮಾತಿನಿಂದಲೇ ಪಕ್ಕದ ಮನೆಯವರು ಬಾವಿಗೂ ಬೇಲಿ ಹಾಕಿಕೊಂಡಿದ್ದನ್ನು ಎಲ್ಲರೂ ಕಂಡಿದ್ದರು. ಬೆಟ್ಟಮ್ಮನ ಭಯ ಸುಳ್ಳಲ್ಲ. ಪ್ರತಾಪನಿಗೆ ಜಗಳವಾಡುವ ಶಕ್ತಿಯೂ ಇರಲಿಲ್ಲ.

ಆ ಭಾನುವಾರ ನಿರೋಷಾ ಮಾನಸಳನ್ನು ಕರೆದುಕೊಂಡು ಮೋರಿಯ ಹತ್ತಿರ ಹೋದಳು. ಬೆಟ್ಟಮ್ಮನೂ ಹಿಂದೆಯೇ ಹೋದರು. ಫೋನಿನಲ್ಲಿ ಮಾತಲೆಯ ತಂಗಿ ತಾಯಿಯ ಮುಖ ತೋರಿಸಿದಳು. ಬಾಯಿ ಒಂದು ಕಡೆಗೆ ವಾಲಿತ್ತು. ನಿರೋಷಾ ತನ್ನ ಭಾಷೆಯಲ್ಲಿ ಅಮ್ಮಾ ಅಮ್ಮಾ ಎಂದು ಕೂಗಿದಳು. ಆ ಮುದುಕಿಗೆ ದನಿ ಕೇಳಿಸಿತು, ಆದರೆ ಅವಳು ಫೋನು ನೋಡದೆ ಬಾಗಿಲ ಕಡೆ ನೋಡಿದಳು. ಕರೆ ಕಡಿದುಹೋಗುವವರೆಗೂ ಬಾಗಿಲನ್ನೇ ನೋಡುತ್ತಿದ್ದಳು. ಬೆಟ್ಟಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬೇಗ ಬೇಗ ಮನೆಯ ದಾರಿ ಹಿಡಿದರು.

"ನಾನು ಹೋಯ್ತೀನಿ ಕಣ್ರೀ," ಎಂದಳು ನಿರೋಷಾ ಸಂಜೆ.

"ಹೋದ್ರೆ ಬರೋದು ಯಾವಾಗ್ಲೋ?"

"ಗೊತ್ತಿಲ್ಲ."

"ಮಾನಸಂಗೆ ಪಾಸ್‌ಪೋರ್ಟೇ ಇಲ್ವಲ್ಲೇ."

"ಗೊತ್ತು ಕಣ್ರೀ. ಅವ್ಳಿಗೆ ಇಲ್ಲಿ ನೀವೆಲ್ಲ ಇದ್ದೀರಿ. ಅಲ್ಲಿ ನಮ್ಮಮ್ಮ ಬಾಗ್ಲು ನೋಡ್ತಾ ಅವ್ಳೆ."

ಮಾರನೆಯ ಬೆಳಿಗ್ಗೆ ಇಬ್ಬರೂ ಯೋಗೇಶನ ಅಂಗಡಿಯಲ್ಲಿ ಕೂತಿದ್ದರು. ದೇಶ ಬಿಡುವುದಕ್ಕೆ ಎಕ್ಸಿಟ್ ಪರ್ಮಿಟ್ ಎಂಬ ಬೇರೆ ಅರ್ಜಿ.

"ಇದ್ರಲ್ಲಿ ಹೋದ್ರೆ ಹಳೇದೆಲ್ಲ ಮುಗೀತು ಅಣ್ಣ. ಅಲ್ಲಿಂದ ಹೊಸ ವೀಸಾನೇ ಕೇಳ್ಬೇಕು. ಆಗ್ಲೂ ಈ ಮನೆ ದಾಖಲೆ ಕೇಳ್ತಾರೆ, ಸರಿಯಾಗಿರ್ಬೇಕು. ಒತ್ಲಾ?"

ಪ್ರತಾಪ ನಿರೋಷಾಳ ಮುಖ ನೋಡಿದ. ಅವಳು ತಲೆ ಆಡಿಸಿದಳು. ಯೋಗೇಶ್ ಒತ್ತಿದ. ಫೋಟೋ ಚಿಕ್ಕದಾಯಿತೆಂದು ಯಾರೂ ಹೇಳಲಿಲ್ಲ, ಮಾಲೀಕರು ಯಾರೆಂದು ಕೇಳಲಿಲ್ಲ. ಮಾರನೆಯ ಮಧ್ಯಾಹ್ನ ಪ್ರತಾಪ ಮೋರಿ ಹತ್ತಿ ನೋಡಿದರೆ, ಒಪ್ಪಿಗೆ ಬಂದು ಕೂತಿತ್ತು. ಇರಲು ಬಿಡಿ ಎಂದು ಇಷ್ಟು ಕಾಲ ಬೇಡಿದವರಿಗೆ, ಹೋಗುತ್ತೇವೆ ಎಂದದ್ದೇ ತಡ ಬಾಗಿಲು ತೆರೆದುಬಿಟ್ಟಿತ್ತು. ಅವನಿಗೆ ಅಳು ಬಂತು. ಯಾರೂ ಇಲ್ಲದ ರಸ್ತೆಯಲ್ಲಿ ಅತ್ತ.

ಹೊರಡುವ ದಿನ ಬೆಟ್ಟಮ್ಮ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ. ಸಿಟ್ಟೋ ದುಃಖವೋ ಎಂದು ಪ್ರತಾಪ ಕೇಳಲು ಹೋಗಲಿಲ್ಲ. ನಿರೋಷಾ ಹೊರಗಿನಿಂದಲೇ "ಬರ್ತೀನಿ ಕಣತ್ತೆ" ಎಂದು ಕೂಗಿ, ಮಾನಸಳ ಕೈ ಹಿಡಿದು ಪ್ರತಾಪನ ಜೊತೆ ಬಸ್ಸಿನ ಕಡೆ ನಡೆದಳು. ಮಗು ಅಮ್ಮನ ಬ್ಯಾಗಿನ ಪಟ್ಟಿಯನ್ನು ಬಿಡಲೇ ಇಲ್ಲ.

ಬಸ್ಸು ಬರುವ ಹೊತ್ತಿಗೆ ಬೆಟ್ಟಮ್ಮ ಏದುಸಿರು ಬಿಡುತ್ತ ಬಂದರು. ಒಳ್ಳೆಯ ಸೀರೆ ಉಟ್ಟಿದ್ದರು. ಕಂಕುಳಲ್ಲಿ ಟವೆಲ್ಲಿನಲ್ಲಿ ಸುತ್ತಿದ ಅಗಲವಾದ ವಸ್ತು ಇತ್ತು. ಹಿಂದೆ ವಸಂತ ತಲೆ ತಗ್ಗಿಸಿಕೊಂಡು ಬರುತ್ತಿದ್ದ.

"ಎಲ್ಲಿಗವ್ವಾ? ಏನದು?"

ಟವೆಲ್ಲಿನ ಮೂಲೆಯಿಂದ ಗಂಧದ ಹಾರ ಜೋತಾಡುತ್ತಿತ್ತು.

"ತಾಲ್ಲೂಕು ಕಚೇರಿಗೆ ಕಣೋ. ಮಾವ ಸತ್ರು ಅಂತ ಬರೆಸ್ಬುಡಾನ. ವಸಂತನೂ ಸೈನ್ ಹಾಕ್ತನೆ, ಅವನ್ದೇ ಸೈನು."

"ಇಷ್ಟ್ ವರ್ಷ ಆದ್ಮೇಲೆ ಅಂದ್ರೆ ತುಂಬಾ ಅಲೆಸ್ತಾರೆ ಅವ್ವಾ," ಎಂದ ಪ್ರತಾಪ. "ಫೋಟೋ ಯಾಕೆ ತಂದೆ?"

"ಸತ್ತೋರು ಇವ್ರೇ ಅಂತ ತೋರಿಸ್‌ಬ್ಯಾಡ್ವಾ? ಅಲೆಸ್ಲಿ ಬುಡು, ಅಲೆಯಾನ."

ಆಮೇಲೆ ಸೊಸೆಯ ಕಡೆ ತಿರುಗಿದರು. ಗದರಿಸುವ ದನಿಯಲ್ಲೇ ಹೇಳಿದರು.

"ನೀನು ನಿಮ್ಮವ್ವನ್ನ ನೋಡ್ಕಂಡು ಬಾ. ನೀನು ಬರೋ ಹೊತ್ಗೆ ನಾನು ನಮ್ಮಾವನ್ನ ಸಾಯಿಸಿ ಇಟ್ಟಿರ್ತೀನಿ."

ನಿರೋಷಾ ಬಗ್ಗಿ ಅತ್ತೆಯ ಕಾಲು ಮುಟ್ಟಿದಳು. ಆಮೇಲೆ ಟವೆಲ್ಲು ಸರಿಸಿ, ಅಭ್ಯಾಸದಂತೆ ಸುಬ್ಬಯ್ಯನವರಿಗೂ ಕೈ ಮುಗಿದಳು. ಕಂಡಕ್ಟರ್ ಸೀಟಿ ಊದಿದ. ಎಲ್ಲರೂ ಬಸ್ಸು ಹತ್ತಿದರು.