ಕೊಂಡು ತಂದ ಹೊಸ್ತಿಲು

"ಎರಡೇ ನಿಮಿಷ ಮೇಡಂ. ನಾಲ್ಕು ಜನ ಇದ್ದೀವಿ, ಹೂವಿನ ಹಾಗೆ ಎತ್ತಿ ಒಳಗೆ ಬಿಡ್ತೀವಿ," ಎಂದ ರವೀಶ್.

ವಾಗ್ದೇವಿ ತನ್ನ ಗಾಲಿಕುರ್ಚಿಯ ಚಕ್ರಗಳನ್ನು ಬಿಗಿಯಾಗಿ ಹಿಡಿದಳು. "ಬೆಳಗ್ಗೆ ನಿಮ್ಮ ಜೀಪಿನವರೂ ಹೀಗೇ ಅಂದ್ಕೊಂಡು, ಒಂದು ಮಾತು ಕೇಳದೆ ಕಂಕುಳಿಗೆ ಕೈ ಹಾಕಿದ್ರು. ನಾನು ಅಕ್ಕಿ ಮೂಟೆ ಅಲ್ಲ. ನನ್ನ ಕುರ್ಚೀಲಿ ನಾನೇ ಒಳಗೆ ಹೋಗೋ ಹಾಗಿದ್ರೆ ಉಳ್ಕೋತೀನಿ. ಇಲ್ಲಾಂದ್ರೆ ಈಗಲೇ ಹೊರಟೆ."

ಬಾಗಿಲಲ್ಲಿ ನಿಂತಿದ್ದ ಹೇಮಾವತಿಯ ಕಿವಿ ಬಿಸಿಯಾಯಿತು. ಹೊಸನಗರದ ಹೊರಗೆ ಅವಳೂ ಗಂಡ ಉಮೇಶನೂ ಕಟ್ಟಿಸಿದ ಹೋಂಸ್ಟೇ ಇದು. ಸಾಗರ, ಹೊಸನಗರ, ತೀರ್ಥಹಳ್ಳಿಯ ಹೋಂಸ್ಟೇಗಳೆಲ್ಲ ಸೇರಿ ಮಾಡಿಕೊಂಡ ಸಂಘಕ್ಕೆ ರವೀಶನೇ ಅಧ್ಯಕ್ಷ. 'ಎಲ್ಲರ ಮಲೆನಾಡು' ಎಂದು ಬಣ್ಣದ ಕರಪತ್ರ ಅಚ್ಚು ಹಾಕಿಸಿದ್ದ: ಕೆಳದಿ ನೋಡಿ, ವರದಹಳ್ಳಿಗೆ ಹೋಗಿ, ರಾತ್ರಿ ಇಲ್ಲಿ ತಂಗಿ, ಗಾಲಿಕುರ್ಚಿಗೆ ಸಕಲ ಸೌಲಭ್ಯ. ಆ ಕರಪತ್ರ ನಂಬಿ ಬಂದ ಮೊದಲ ಅತಿಥಿ ವಾಗ್ದೇವಿ. ಫೋಟೋ ತೆಗೆಯುವವನೂ ಬಂದು ನಿಂತಿದ್ದ.

ಸೌಲಭ್ಯ ಎಂದರೆ ಅಂಗಳದಿಂದ ಜಗಲಿಗೆ ಹಾಕಿದ ಸಿಮೆಂಟಿನ ಇಳಿಜಾರು, ಅಷ್ಟೇ. ಅದನ್ನು ಹತ್ತಿ ಬಂದರೆ ಎದುರಿಗೇ ಹೊಸ್ತಿಲು, ಗೇಣು ಎತ್ತರದ ಹಲಸಿನ ಮರದ್ದು. ಪೇಟೆಯವರಿಗೆ ಹಳೇ ಕಾಲದ ನೋಟ ಇಷ್ಟ ಅಂತ ರವೀಶನೇ ಮೇಳಿಗೆ ಕಡೆ ಕೆಡವಿದ ಮನೆಯೊಂದರಿಂದ ಬಾಗಿಲು ಸಮೇತ ಕೊಡಿಸಿದ್ದ. ಇಳಿಜಾರು ಹಾಕುವಾಗಲೇ ಹೇಮಾವತಿ ಕೇಳಿದ್ದಳು, "ರವೀಶಣ್ಣ, ಹೊಸ್ತಿಲು ದಾಟೋದು ಹೇಗೆ?" "ಎತ್ತಿದ್ರಾಯ್ತು ಹೇಮಕ್ಕ. ನೀನೆಂತ ಇಂಜಿನಿಯರ‍್ರಾ?" ಎಂದು ನಕ್ಕಿದ್ದ. ತನಗೇನು ಗೊತ್ತು ಎಂದು ಇವಳೂ ಸುಮ್ಮನಾಗಿದ್ದಳು. ಗೊತ್ತಿತ್ತಲ್ಲ! ಕಣ್ಣಿದ್ದ ಯಾರಿಗಾದರೂ ಗೊತ್ತಾಗುತ್ತಿತ್ತು.

"ಹೊಸ್ತಿಲ ಮೇಲೆ ಹಲಗೆ ಹಾಕೋಣ," ಎಂದಳು ಈಗ.

"ಹಲಗೆ ಹಾಕಿ ಗಾಲಿ ಹತ್ತಿಸ್ತೀಯಾ? ದಿನಾ ಅರಿಶಿನ ಕುಂಕುಮ ಇಡೋ ಹೊಸ್ತಿಲು ತುಳಿಸೋದಾ? ನಿಮ್ಮತ್ತೆ ಒಪ್ತಾರಾ?" ರವೀಶ್ ದನಿ ಏರಿಸಿದ.

ಒಳಗಿನಿಂದ ಅತ್ತೆ ಪುಷ್ಪಮ್ಮ ಬಂದರು. ಹೊಸ್ತಿಲು ನೋಡಿದರು, ಕುರ್ಚಿ ನೋಡಿದರು. "ಒಪ್ಪಲ್ಲ," ಎಂದರು. "ಲಕ್ಷ್ಮಿ ಇರೋ ಜಾಗ. ಹಲಗೆ ಹಾಕಿದ್ರೂ ತುಳಿದ ಹಾಗೇ."

"ನೋಡಿದ್ಯಾ?" ಎಂದ ರವೀಶ್.

ಹೇಮಾವತಿಗೆ ಅತ್ತೆಗೆ ಎದುರಾಡಿ ರೂಢಿಯಿಲ್ಲ. ಆದರೆ ಬಾಗಿಲಿಗೆ ಬಂದವಳು ಹಿಂದಕ್ಕೆ ತಿರುಗುವುದು ತನ್ನ ಮನೆಯಿಂದ, ತನ್ನ ಹೆಸರಿರುವ ಫಲಕದ ಕೆಳಗಿನಿಂದ.

"ತುಳಿಯೋದು ಬೇಡ ಅತ್ತೆ. ಕೀಳೋಣ."

"ಎಂತ?"

"ಇದು ನಮ್ಮಜ್ಜ ಇಟ್ಟ ಹೊಸ್ತಿಲಾ? ಯಾರದೋ ಮನೇದು, ಫೋಟೋ ಚೆನ್ನಾಗಿ ಬರಲಿ ಅಂತ ಕೊಂಡು ತಂದಿದ್ದು. ಲಕ್ಷ್ಮಿ ಇದ್ದಾಳೆ ಅಂತೀರಿ. ಇಲ್ಲಿ ಬಂದ ಹೆಣ್ಮಗಳನ್ನ ಹೊರಗೆ ನಿಲ್ಲಿಸೋಕೆ ಕೂತಿದ್ದಾಳಾ ಲಕ್ಷ್ಮಿ?"

ಪುಷ್ಪಮ್ಮ ಸೊಸೆಯನ್ನೇ ದಿಟ್ಟಿಸಿದರು. ಆಮೇಲೆ ಬಗ್ಗಿ, ಬೆಳಗ್ಗೆ ತಾವೇ ಇಟ್ಟ ಹೂವನ್ನು ಹೊಸ್ತಿಲಿನಿಂದ ಎತ್ತಿ ಸೆರಗಿಗೆ ಹಾಕಿಕೊಂಡರು.

"ಉಮೇಶಾ, ಗರಗಸ ತಗಂಬಾ. ಇದನ್ನ ದೇವರಮನೆ ಬಾಗಿಲಿಗೆ ಕೂರಿಸು. ಪೂಜೆ ಅಲ್ಲೇ ಮಾಡ್ತೀನಿ."

ಉಮೇಶ ಎರಡೂ ತುದಿ ಕೊಯ್ಯತೊಡಗಿದ. ಹಲಸು ಗಟ್ಟಿ, ಬೇಗ ಬಗ್ಗಲಿಲ್ಲ. "ಫೋಟೋದವನು ಕಾಯ್ತಿದಾನೆ ಮಾರಾಯ್ತಿ. ಎತ್ತಿಸ್ಕೊಂಡ ಒಂದು ಫೋಟೋ ಸಾಕಿತ್ತು," ಎಂದು ರವೀಶ್ ಗೊಣಗಿದ.

"ಎತ್ತಿಸ್ಕೊಂಡ ಫೋಟೋ ಬೇಕಿದ್ರೆ ನೀವೇ ಎತ್ತಿಸ್ಕೊಳ್ಳಿ ರವೀಶಣ್ಣ. ಮೊದಲು ಆ ಕರಪತ್ರದಿಂದ ನನ್ನ ಮನೆ ಹೆಸರು ತೆಗೀರಿ. ಎಲ್ಲರ ಮಲೆನಾಡಂತೆ! ಅದನ್ನ ಬರೆಯುವಾಗ ಗಾಲಿಕುರ್ಚೀಲಿ ಕೂರೋ ಒಬ್ಬರನ್ನಾದ್ರೂ ಕೇಳಿದ್ರಾ?"

ರವೀಶ್ ಜೀಪು ಹತ್ತಿ ಹೋದ. ಸಂಘದಲ್ಲಿ ನಾಳೆ ಏನು ಹೇಳುತ್ತಾನೋ, ತಾನು ಅತಿಯಾಗಿ ಆಡಿದೆನೋ ಎಂದು ಹೇಮಾವತಿಗೆ ಹೆದರಿಕೆಯೂ ಆಯಿತು. ಆದರೆ ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆನಿಸಲಿಲ್ಲ.

ಪುಷ್ಪಮ್ಮ ತಂದುಕೊಟ್ಟ ಕಷಾಯ ಕುಡಿಯುತ್ತ ವಾಗ್ದೇವಿ ಜಗಲಿಯಲ್ಲೇ ಕಾದಳು. ಹಾರೆಗೆ ಸಿಕ್ಕಿ ಹೊಸ್ತಿಲು ಮೇಲೆದ್ದಿತು. ಉಮೇಶ ಸಿಮೆಂಟಿನ ಚೂರು ಗುಡಿಸಿ, ಗುಂಡಿಗೆ ಮರಳು ತುಂಬಿ, ಮೇಲೆ ತಗಡು ಹಾಸಿದ. ವಾಗ್ದೇವಿ ಚಕ್ರ ತಿರುಗಿಸಿದಳು. ತಗಡು ಸದ್ದು ಮಾಡಿತು, ಕುರ್ಚಿ ಒಳಗೆ ಬಂತು. ಯಾರೂ ಕೈ ಹಚ್ಚಲಿಲ್ಲ.

ನಡುಮನೆಯಲ್ಲಿ ಕುರ್ಚಿ ನಿಲ್ಲಿಸಿ ಅವಳು ಕೇಳಿದಳು, "ಬಚ್ಚಲಿನ ಬಾಗಿಲು ಎಷ್ಟಗಲ ಇದೆ?"

ಅದನ್ನು ಯಾರೂ ಅಳೆದಿರಲಿಲ್ಲ. ಹೇಮಾವತಿ ಓಡಿಹೋಗಿ ಟೇಪು ತಂದು ಬಚ್ಚಲಿನ ಕಡೆ ತಿರುಗಿದಳು.

"ಆ ಕಡೆ ಅಲ್ಲ," ಎಂದಳು ವಾಗ್ದೇವಿ, ತೋಳು ಸರಿಸಿ ಕುರ್ಚಿಯ ಅಂಚು ತೋರಿಸುತ್ತ. "ಮೊದಲು ಇದಕ್ಕೆ ಹಿಡೀರಿ."